ತೋಟದ ಅಂಚೆ: ಗೇಟಿನ ವ್ಯಾಪಾರಿ, ಐದು ರೂಪಾಯಿ ಮತ್ತು ಹಸಿ ಕೊಕ್ಕೋ

ಈ ಸಲ ಅಂಚೆಯಲ್ಲಿ ಅಡಿಕೆಯ ಪತ್ರಗಳು ಕಡಿಮೆ, ಕೊಕ್ಕೋ ಪತ್ರಗಳು ಜಾಸ್ತಿ. ರೇಟು ಏರಿ ಇಳಿದ ಮೇಲೆ ಹೀಗಾಗುವುದು ಮಾಮೂಲು. ಏರುವಾಗ ಯಾರೂ ಬರೆಯುವುದಿಲ್ಲ, ಎಲ್ಲರೂ ಕಾಯಿ ಕೊಯ್ಯುವುದರಲ್ಲಿ ಇರುತ್ತಾರೆ. ಮೊದಲನೆಯ ಪತ್ರಕ್ಕೆ ಉದ್ದದ ಉತ್ತರ ಬರೆದಿದ್ದೇನೆ. ಉಳಿದವರು ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ಐದು ವರ್ಷ ಬೆಂಗಳೂರಿನಲ್ಲಿ ಕೆಲಸ ಮಾಡಿ ಈಗ ಊರಿಗೆ ಬಂದಿದ್ದೇನೆ. ಒಂದೂವರೆ ಎಕರೆ ಅಡಿಕೆ ತೋಟ. ಮಧ್ಯೆ ಅಪ್ಪ ನೆಟ್ಟ 150 ಕೊಕ್ಕೋ ಗಿಡಗಳಿವೆ. ಅಡಿಕೆ, ಕೊಕ್ಕೋ ಕೊಳ್ಳುವ ಬೆಳೆಗಾರರ ಸಹಕಾರಿ ಕ್ಯಾಂಪ್ಕೋಗೆ ಸದಸ್ಯನಾಗು ಎಂದು ಅಪ್ಪ ದಿನಾ ಹೇಳುತ್ತಾರೆ. ಆದರೆ ಗೇಟಿಗೇ ಪಿಕಪ್ ತರುವ ವ್ಯಾಪಾರಿ ಹಸಿ ಬೀಜಕ್ಕೆ ಕಿಲೋಗೆ ಐದು ರೂಪಾಯಿ ಜಾಸ್ತಿ ಕೊಡುತ್ತಾನೆ, ಅದೂ ನಗದು. ಹಾಗಿದ್ದೂ ನಮ್ಮಂಥ ಸಣ್ಣ ಬೆಳೆಗಾರರು ಸಹಕಾರಿಗೆ ಯಾಕೆ ಸೇರುತ್ತಾರೆ? ಇದು ಹಿರಿಯರ ಅಭಿಮಾನ ಮಾತ್ರವೇ? — ಓದುಗರು, ಬೆಳ್ತಂಗಡಿ ತಾಲ್ಲೂಕು

ಉತ್ತರ: ಐದು ರೂಪಾಯಿ ಸಣ್ಣದೆಂದು ನಾನು ಹೇಳುವುದಿಲ್ಲ ಮಾರಾಯರೇ. ಲೆಕ್ಕ ಹಾಕೋಣ. ಗಿಡಕ್ಕೆ ಮೂರು ಕಿಲೋ ಹಸಿ ಬೀಜ ಹಿಡಿದರೂ ನಿಮ್ಮ 150 ಗಿಡಕ್ಕೆ ವರ್ಷಕ್ಕೆ 450 ಕಿಲೋ. ಐದು ರೂಪಾಯಿಯಂತೆ 2,250 ರೂಪಾಯಿ ಹೆಚ್ಚು. ಕೊಳೆರೋಗಕ್ಕೆ ಬೋರ್ಡೋ ಔಷಧ ಹೊಡೆಯಲು ಬರುವವರ ಒಂದೆರಡು ದಿನದ ಸಂಬಳ ಆಯಿತು. ಬಿಡುವಂಥ ದುಡ್ಡಲ್ಲ. ಈ ಲೆಕ್ಕವನ್ನು ಅಪ್ಪನ ಮುಂದೆ ಇಟ್ಟರೆ ಅವರು ಸುಮ್ಮನಾಗುತ್ತಾರೆ, ಒಪ್ಪುವುದಿಲ್ಲ. ಯಾಕೆ ಒಪ್ಪುವುದಿಲ್ಲ ಎಂದು ನನಗೆ ಗೊತ್ತು. ಅವರ ತಲೆಯಲ್ಲಿ ಓಡುವುದು ಬೇರೆ ಲೆಕ್ಕ.

ನಾನು ಮದುವೆಯಾಗಿ ಪುತ್ತೂರು ತಾಲ್ಲೂಕಿನ ಈ ಮನೆಗೆ ಬಂದದ್ದು 1978ರಲ್ಲಿ. ಆಗಲೇ ತೋಟದಲ್ಲಿ ಕೊಕ್ಕೋ ಹಣ್ಣು ಹಳದಿಯಾಗಿ ತೂಗುತ್ತಿತ್ತು. ನನ್ನ ತವರಿನಲ್ಲಿ ಆ ಗಿಡ ಇರಲಿಲ್ಲ. ಕಾಂಡಕ್ಕೇ ಕಾಯಿ ಅಂಟಿಸಿದ ಹಾಗೆ ಕಾಣುವ ಗಿಡ ನೋಡಿ, ಇದು ಹಲಸಿನ ತಮ್ಮನಿರಬೇಕು ಎಂದುಕೊಂಡಿದ್ದೆ. ಒಂದು ಕಂಪನಿಯವರು ಮಾವನಿಗೆ ಸಸಿ ಕೊಟ್ಟು, 'ನೀವು ಬೆಳೆಯಿರಿ, ನಾವು ಕೊಳ್ಳುತ್ತೇವೆ' ಎಂದಿದ್ದರಂತೆ. ಒಂದೆರಡು ವರ್ಷ ಕೊಂಡರು ಕೂಡ. ಆ ದುಡ್ಡಿನಲ್ಲಿ ಮನೆಗೆ ಹಂಚು ಹೊದೆಸಿದರು ಎಂದು ಅತ್ತೆ ಹೇಳುತ್ತಿದ್ದರು.

ಎಪ್ಪತ್ತರ ದಶಕದ ಕೊನೆಗೆ ಹೊರದೇಶದ ಮಾರುಕಟ್ಟೆ ಬಿತ್ತು. ಕಂಪನಿ ಮೊದಲು ರೇಟು ಇಳಿಸಿತು. ಆಮೇಲೆ ಬೀಜ ಚೆನ್ನಾಗಿಲ್ಲ ಎಂದಿತು. ಆಮೇಲೆ 'ಇವತ್ತು ಬೇಡ' ಎಂದಿತು. ಮಾವ ಎರಡು ಗೋಣಿ ಹಸಿ ಬೀಜವನ್ನು ಬಸ್ಸಿನ ಮೇಲೆ ಹಾಕಿಕೊಂಡು ಹೋಗಿ, ಸಂಜೆ ಅದೇ ಗೋಣಿಗಳ ಜೊತೆ ವಾಪಸ್ಸು ಬಂದರು. ಬಸ್ಸಿನ ಕಂಡಕ್ಟರ್ ವಾಸನೆಗೆ ಬೈದನಂತೆ. ಮರುದಿನ ಅಂಗಳದ ತುಂಬ ನೊಣ. ಮೂರನೆಯ ದಿನ ಎರಡೂ ಗೋಣಿಯನ್ನು ತೆಂಗಿನ ಬುಡಕ್ಕೆ ಸುರಿದೆವು. ನಾನೇ ಒಂದು ಗೋಣಿಯ ತುದಿ ಹಿಡಿದಿದ್ದೆ. ಆ ಹುಳಿ ವಾಸನೆ ಈಗಲೂ ನೆನಪಿದೆ.

ಮಾವ ಏನೂ ಮಾತಾಡಲಿಲ್ಲ. ಬೆಳಿಗ್ಗೆ ಕತ್ತಿ ತಗೊಂಡು ತೋಟಕ್ಕೆ ಹೋದರು. ಹದಿನೆಂಟು ಕೊಕ್ಕೋ ಗಿಡ ಕಡಿದರು. ಹತ್ತೊಂಬತ್ತನೆಯದರ ಹತ್ತಿರ ಅತ್ತೆ ಹೋಗಿ ನಿಂತುಕೊಂಡರು. 'ಅಡಿಕೆಗೂ ಹೀಗೇ ಆಗಿತ್ತಲ್ಲ, ಆಗ ಮರ ಕಡಿದಿರಾ?' ಎಂದಷ್ಟೇ ಕೇಳಿದರು.

ಅಡಿಕೆಗೆ ಆದದ್ದು ಏನೆಂದು ನಿಮ್ಮ ಪ್ರಾಯದವರಿಗೆ ಗೊತ್ತಿರಲಿಕ್ಕಿಲ್ಲ. ಎಪ್ಪತ್ತರ ದಶಕದ ಶುರುವಿನಲ್ಲಿ ಅಡಿಕೆ ರೇಟು ನೆಲ ಕಚ್ಚಿತ್ತು. ಪೇಟೆಯ ವ್ಯಾಪಾರಿ ಹೇಳಿದ್ದೇ ರೇಟು, ಅವನು ತೂಗಿದ್ದೇ ತೂಕ. ಆಗ ವಾರಣಾಶಿ ಸುಬ್ರಾಯ ಭಟ್ಟರು ಮುಂದೆ ನಿಂತು, ಕರ್ನಾಟಕ ಮತ್ತು ಕೇರಳ ಎರಡೂ ಕಡೆಯ ಬೆಳೆಗಾರರನ್ನು ಸೇರಿಸಿ, 1973ರ ಜುಲೈ 11ರಂದು ಮಂಗಳೂರಿನಲ್ಲಿ ಕ್ಯಾಂಪ್ಕೋ ಕಟ್ಟಿದರು. ಅದು ಹುಟ್ಟಿದ್ದು ಅಡಿಕೆಗಾಗಿ. ಕೊಕ್ಕೋ ಆಮೇಲೆ ಬಂತು. ಕೊಳ್ಳುವವರಿಲ್ಲದೆ ಬೆಳೆಗಾರರು ಗಿಡ ಕಡಿಯುತ್ತಿದ್ದಾಗ, ಎಂಬತ್ತರ ಹೊತ್ತಿಗೆ, ಎರಡೂ ರಾಜ್ಯ ಸರ್ಕಾರಗಳು ಕೇಳಿಕೊಂಡ ಮೇಲೆ ಅದು ಕೊಕ್ಕೋ ಖರೀದಿಗೆ ಇಳಿಯಿತು. ಮಾವ ಉಳಿದ ಗಿಡಗಳ ಬೀಜ ಹೊತ್ತುಕೊಂಡು ಹೋದರು. ರೇಟು ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಆದರೆ ಗೋಣಿ ಖಾಲಿಯಾಗಿ ಮನೆಗೆ ಬಂತು.

ನಿಮ್ಮ ಅಪ್ಪನ ಲೆಕ್ಕ ಇಲ್ಲಿಂದ ಶುರುವಾಗುತ್ತದೆ. ಅಡಿಕೆಯಾದರೆ ಒಣಗಿಸಿ ಸುಲಿದು ಚಾಲಿ ಮಾಡಿ ಅಟ್ಟದಲ್ಲಿ ಇಡಬಹುದು. ರೇಟು ಬರಲಿ ಎಂದು ಒಂದು ವರ್ಷ ಕಾಯಬಹುದು. ಮಗಳ ಮದುವೆ ಹತ್ತಿರ ಬಂದಾಗ ಇಳಿಸಬಹುದು. ಕಾಳುಮೆಣಸೂ ಹಾಗೇ. ಹಸಿ ಕೊಕ್ಕೋ ಹಾಗಲ್ಲ. ಹಣ್ಣು ಒಡೆದ ಕ್ಷಣದಿಂದ ಗಡಿಯಾರ ಓಡುತ್ತದೆ. ಮರುದಿನಕ್ಕೆ ಹುಳಿ, ಅದರ ಮರುದಿನಕ್ಕೆ ಬೂಸಲು. ಹಣ್ಣನ್ನು ಗಿಡದಲ್ಲೇ ಬಿಡೋಣ ಎಂದರೆ ಅಳಿಲು ಬಿಡುವುದಿಲ್ಲ, ಮಳೆಗಾಲದಲ್ಲಿ ಕೊಳೆರೋಗ ಬಿಡುವುದಿಲ್ಲ. ನಿಮ್ಮ ಬೀಜ ಕಾಯಲಾರದು ಎಂದು ಗೇಟಿಗೆ ಬರುವ ವ್ಯಾಪಾರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಅವನಿಗೆ ಬೇಕಾದ ದಿನ ಐದು ರೂಪಾಯಿ ಹೆಚ್ಚು. ಬೇಡವಾದ ದಿನ ಫೋನು ಎತ್ತುವುದಿಲ್ಲ. ಆ ದಿನದ ನಷ್ಟ ಕಿಲೋಗೆ ಐದು ರೂಪಾಯಿಯಲ್ಲ, ಪೂರ್ತಿ ಗೋಣಿ.

ನೀವೇ ಒಣಗಿಸಿ ಇಟ್ಟುಕೊಳ್ಳಬಹುದಲ್ಲ ಎನ್ನಬಹುದು. ಇಲ್ಲಿ ಇನ್ನೊಂದು ವಿಷಯವಿದೆ. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಕೈ ಸುಟ್ಟುಕೊಂಡೇ ಕಲಿತದ್ದು. ಕೊಕ್ಕೋ ಬೀಜವನ್ನು ಹಾಗೇ ಒಣಗಿಸಿದರೆ ಅದು ಒಗರು ಬೀಜ, ಚಾಕೊಲೇಟಿನ ಪರಿಮಳ ಹುಟ್ಟುವುದಿಲ್ಲ. ಐದಾರು ದಿನ ಬಾಳೆ ಎಲೆ ಮುಚ್ಚಿ ಹುಳಿ ಬರಿಸಬೇಕು. ಒಳಗಿನ ಬಿಸಿ 45 ಡಿಗ್ರಿ ದಾಟಬೇಕು. ಒಂದು ದಿನ ಬಿಟ್ಟು ಒಂದು ದಿನ ಮಗುಚಬೇಕು. ಆ ಬಿಸಿಯಲ್ಲಿ ಬೀಜ ಸತ್ತು, ಒಳಗಿನ ನೇರಳೆ ಬಣ್ಣ ಕಂದಾಗಬೇಕು. ಈ ಬಿಸಿ ಏರಲು ರಾಶಿ ಬೇಕು. ಸಾಮಾನ್ಯವಾಗಿ ರಾಶಿ ಹಾಕುವುದಾದರೆ ಕನಿಷ್ಠ 50 ಕಿಲೋ ಇರಬೇಕು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಒಂದು ಕೊಯ್ಲಿಗೆ ಸಿಗುವುದು ಇಪ್ಪತ್ತು, ಹೆಚ್ಚೆಂದರೆ ಮೂವತ್ತು ಕಿಲೋ. ಒಂದು ವರ್ಷ ಹಟಕ್ಕೆ ಬಿದ್ದು ಹಳೆಯ ಅಡಿಕೆ ಬುಟ್ಟಿಯಲ್ಲಿ ಹಾಕಿ ಮುಚ್ಚಿಟ್ಟೆ. ಮೂರನೆಯ ದಿನ ಕೈ ಹಾಕಿದರೆ ತಣ್ಣಗೆ, ತಣ್ಣಗೆ ಅಂದರೆ ಹಿಂದಿನ ದಿನದ ಅನ್ನದ ಹಾಗೆ. ಬೀಜದ ಮೇಲೆ ಬಿಳಿ ಬೂಸಲು.

ಹಾಗೂ ಹುಳಿ ಬಂತೆಂದೇ ಇಟ್ಟುಕೊಳ್ಳಿ. ಒಣಗಿಸುವುದು ಎಲ್ಲಿ? ಜೂನ್ ಬಂದರೆ ನಮ್ಮ ಕಡೆ ಬಟ್ಟೆಯೇ ಒಣಗುವುದಿಲ್ಲ. ಬೀಜದ ತೇವ 6–7 ಶೇಕಡಕ್ಕೆ ಇಳಿಯಬೇಕು. ಸೌದೆ ಹೊಗೆ ತಗುಲಿದರೆ ಬೀಜಕ್ಕೆ ಹೊಗೆ ವಾಸನೆ ಹಿಡಿಯುತ್ತದೆ, ಕೊಳ್ಳುವವನು ಮೂಗು ಹಿಡಿಯುತ್ತಾನೆ. ಮೂರು ಕಿಲೋ ಹಸಿ ಬೀಜ ಒಣಗಿದರೆ ಒಂದು ಕಿಲೋ. ಆ ಒಂದು ಕಿಲೋಗಾಗಿ ಡ್ರೈಯರ್ ಕಟ್ಟಿಸುವುದು ಒಂದೂವರೆ ಎಕರೆಯವರ ಕೆಲಸವಲ್ಲ. ನೂರು ಮನೆಯ ಬೀಜ ಒಂದು ಕಡೆ ಬಿದ್ದರೆ ರಾಶಿ ತಾನಾಗಿ ಬಿಸಿಯಾಗುತ್ತದೆ, ಡ್ರೈಯರಿನ ಖರ್ಚೂ ಹಂಚಿಹೋಗುತ್ತದೆ. ಸಣ್ಣವರು ಸೇರುವುದಕ್ಕೆ ಅಭಿಮಾನ ಒಂದು ಕಾರಣ ಇರಬಹುದು. ನನಗೆ ಕಂಡ ದೊಡ್ಡ ಕಾರಣ ಈ ರಾಶಿ.

ಇನ್ನು ನಿಮ್ಮ ಐದು ರೂಪಾಯಿ. ಅದು ಎಲ್ಲಿಂದ ಬಂತು ಯೋಚಿಸಿದ್ದೀರಾ? ನಿಮ್ಮ ವ್ಯಾಪಾರಿ ಬೆಳಿಗ್ಗೆ ಎದ್ದು ಮೊದಲು ನೋಡುವುದು ಕ್ಯಾಂಪ್ಕೋ ಶಾಖೆಯ ರೇಟಿನ ಬೋರ್ಡು. ಅದರ ಮೇಲೆ ಐದು ಸೇರಿಸುತ್ತಾನೆ. ಬೋರ್ಡೇ ಇಲ್ಲದಿದ್ದರೆ ಯಾವುದರ ಮೇಲೆ ಐದು ಸೇರಿಸುತ್ತಿದ್ದ? ಸದಸ್ಯರಲ್ಲದವರಿಗೂ ಬೋರ್ಡಿನ ಲಾಭ ಸಿಗುತ್ತದೆ. ಅದು ಸಹಕಾರಿಯ ಒಳ್ಳೆಯತನವೂ ಹೌದು, ಅದರ ದೌರ್ಬಲ್ಯವೂ ಹೌದು. ಎಲ್ಲರೂ ಬೋರ್ಡು ನೋಡಿ ಹೊರಗೆ ಮಾರಿದರೆ ಬೋರ್ಡು ಬರೆಯುವವರು ಎಷ್ಟು ದಿನ ಬರೆಯುತ್ತಾರೆ?

ಬುದ್ಧಿ ಹೇಳುವ ಮೊದಲು ನನ್ನ ಮನೆಯ ಕತೆಯನ್ನೂ ಹೇಳಬೇಕು. 2024ರ ಬೇಸಿಗೆಯಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಬೆಳೆ ಕೈಕೊಟ್ಟು ಲೋಕದ ರೇಟು ಹುಚ್ಚೆದ್ದು ಹೋಯಿತು. ಟನ್ನಿಗೆ ಹತ್ತು ಸಾವಿರ ಡಾಲರ್ ದಾಟಿತು. ಕೇರಳದಲ್ಲಿ ಒಣ ಬೀಜ ಕಿಲೋಗೆ ಸಾವಿರ ರೂಪಾಯಿ ಮುಟ್ಟಿತು. ನಮ್ಮಲ್ಲಿ ಹಸಿ ಬೀಜ ಇನ್ನೂರು ದಾಟಿತು. ಊರಿಗೆ ಎಲ್ಲಿಲ್ಲದ ವ್ಯಾಪಾರಿಗಳು ಬಂದರು. ಮೀನಿನ ವ್ಯಾನಿನವನೂ ಕೊಕ್ಕೋ ಕೇಳಿದ. ನನ್ನ ಮಗ ನನಗೆ ಹೇಳದೆ ಎರಡು ಕೊಯ್ಲು ಹೊರಗೆ ಕೊಟ್ಟ. ಕಿಲೋಗೆ ಇಪ್ಪತ್ತು ರೂಪಾಯಿ ಜಾಸ್ತಿ ಸಿಕ್ಕಿತಂತೆ. ಗೊತ್ತಾದಾಗ ನಾನು ಬೈದೆ. ಆ ದುಡ್ಡಿನಲ್ಲಿ ತಂದ ಮಿಕ್ಸಿಯಲ್ಲಿ ಈಗಲೂ ಚಟ್ನಿ ರುಬ್ಬುತ್ತೇನೆ, ಸುಳ್ಳು ಹೇಳಲಾರೆ. 2025 ಮುಗಿಯುವ ಹೊತ್ತಿಗೆ ರೇಟು ಅರ್ಧಕ್ಕೂ ಕೆಳಗೆ ಇಳಿಯಿತು. ಆ ವ್ಯಾಪಾರಿಗಳು ಮಳೆ ನಿಂತ ಮೇಲೆ ಹಾತೆ ಮಾಯವಾಗುವ ಹಾಗೆ ಮಾಯವಾದರು. ಮಗ ಗೋಣಿ ಹಿಡಿದು ಶಾಖೆಗೆ ಹೋದ. ಯಾರೂ ಅವನನ್ನು 'ಆಗ ಎಲ್ಲಿ ಹೋಗಿದ್ದೆ' ಎಂದು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಎಂದು ನನಗೆ ಒಳಗೊಳಗೇ ಅನಿಸಿತು.

ಆದ್ದರಿಂದ ನನ್ನ ಮಾತು ಇಷ್ಟು. ಷೇರು ತಗೊಳ್ಳಿ. ಅಪ್ಪನ ಹೆಸರಿನಲ್ಲಿ ಈಗಾಗಲೇ ಇದ್ದರೂ ನಿಮ್ಮ ಹೆಸರಿನಲ್ಲಿ ಇನ್ನೊಂದು ಇರಲಿ. ನಿಮ್ಮ ಹತ್ತಿರದ ಶಾಖೆಯಲ್ಲಿ ಹಸಿ ಬೀಜ ಯಾವ ದಿನ ಕೊಳ್ಳುತ್ತಾರೆ ಎಂದು ಕೇಳಿಕೊಂಡು, ಹಿಂದಿನ ದಿನ ಸಂಜೆಗೋ ಅದೇ ಬೆಳಿಗ್ಗೆಗೋ ಕಾಯಿ ಒಡೆಯಿರಿ. ನೀರು ಬಸಿದು ಒಯ್ಯಿರಿ, ಕರಿ ಬೀಜ ಬೇರೆ ಮಾಡಿ. ಗೇಟಿನವನಿಗೆ ಒಮ್ಮೆ ಕೊಟ್ಟರೆ ಆಕಾಶ ಬೀಳುವುದಿಲ್ಲ. ಕೊಡುವ ದಿನ ಮೊದಲು ಮನೆಯ ತಕ್ಕಡಿಯಲ್ಲಿ ತೂಗಿ, ಆಮೇಲೆ ಅವನ ಕಾಟಾ ನೋಡಿ. ನಿಮ್ಮ ಐದು ರೂಪಾಯಿ ಅಲ್ಲೇ ಕರಗಿರಲೂಬಹುದು.

ಪ್ರಶ್ನೆ: ಕೃಷಿ ಪದವಿ ಓದುತ್ತಿದ್ದೇನೆ. ಲೋಕದ ಕೊಕ್ಕೋದಲ್ಲಿ ಅರ್ಧಕ್ಕಿಂತ ಹೆಚ್ಚು ಘಾನಾ ಮತ್ತು ಐವರಿ ಕೋಸ್ಟ್‌ನಲ್ಲೇ ಬೆಳೆಯುತ್ತದೆ ಎಂದು ಓದಿದೆ. ಅಲ್ಲಿಯ ರೈತರೂ ನಮ್ಮ ಹಾಗೇ ಸಹಕಾರಿ ಕಟ್ಟಿದ್ದಾರಾ? ಕಾರಣವೂ ಇದೇನಾ? — ವಿದ್ಯಾರ್ಥಿನಿ, ಧಾರವಾಡ

ಉತ್ತರ: ಕಟ್ಟಿದ್ದಾರೆ ಮಗಳೇ. ಕಾರಣ ಮಾತ್ರ ಪೂರ್ತಿ ಇದೇ ಅಲ್ಲ.

ಘಾನಾದ ರೈತ ಹಸಿ ಬೀಜ ಮಾರುವುದಿಲ್ಲ. ಅಲ್ಲಿ ಕೊಯ್ಲು ದೊಡ್ಡದು, ಅದೇ ಹೊತ್ತಿಗೆ ಬಿಸಿಲೂ ಸಿಗುತ್ತದೆ. ತೋಟದಲ್ಲೇ ಬಾಳೆ ಎಲೆಯಲ್ಲಿ ಮುಚ್ಚಿ ಹುಳಿ ಬರಿಸಿ, ಎತ್ತರದ ಚಾಪೆಯ ಮೇಲೆ ಒಣಗಿಸಿ ಮಾರುತ್ತಾನೆ. ರೇಟಿನ ಚೌಕಾಸಿಯೂ ಇಲ್ಲ. ಕೊಕೊಬೋಡ್ ಎಂಬ ಸರ್ಕಾರಿ ಮಂಡಳಿ ಹಂಗಾಮಿನ ರೇಟು ಕಟ್ಟುತ್ತದೆ. ಹಾಗಾದರೆ ಮೋಸ ಎಲ್ಲಿಂದ ಬರುತ್ತದೆ? ತಕ್ಕಡಿಯಿಂದ. ರೇಟು ಮುಟ್ಟಲಾಗದವನು ತೂಕ ಮುಟ್ಟುತ್ತಾನೆ. ಖರೀದಿ ಗುಮಾಸ್ತರು ತಕ್ಕಡಿ ತಿದ್ದಿ ಮೂಟೆಯಲ್ಲಿ ಒಂದಷ್ಟು ಕಿಲೋ ನುಂಗುತ್ತಾರೆ, ದುಡ್ಡಿನ ಬದಲು ಚೀಟಿ ಕೊಟ್ಟು ಕಳಿಸುತ್ತಾರೆ ಎಂಬುದು ಅಲ್ಲಿಯ ರೈತರ ಹಳೆಯ ದೂರು.

ತೊಂಬತ್ತರ ದಶಕದ ಮೊದಲಲ್ಲಿ ಆ ದೇಶ ಖಾಸಗಿಯವರಿಗೂ ಒಳಗಿನ ಖರೀದಿಗೆ ಅವಕಾಶ ಕೊಟ್ಟಿತು. ಆಗ 1993ರಲ್ಲಿ ರೈತರೇ ಸೇರಿ ಕಟ್ಟಿದ್ದು ಕುವಾಪಾ ಕೊಕೂ. ಅವರ ಟ್ವಿ ಭಾಷೆಯಲ್ಲಿ 'ಒಳ್ಳೆಯ ಕೊಕ್ಕೋ ರೈತ' ಎಂದು ಅರ್ಥ. ಅವರು ಮಾಡಿದ ಮುಖ್ಯ ಕೆಲಸ ನನಗೆ ಬಹಳ ಇಷ್ಟ. ಹಳ್ಳಿಯಲ್ಲಿ ತೂಗುವವನನ್ನು ಹಳ್ಳಿಯವರೇ ಆರಿಸಬೇಕು ಎಂದು ನಿಯಮ ಮಾಡಿದರು. ಅವನ ತಕ್ಕಡಿ ಸುಳ್ಳು ಹೇಳಿದರೆ ಸಂಜೆ ಅದೇ ಬಾವಿಕಟ್ಟೆಗೆ ನೀರಿಗೆ ಹೋಗಬೇಕಲ್ಲ! ನನ್ನ ಪ್ರಕಾರ ಇದು ಯಾವ ಆಡಿಟ್‌ಗೂ ಕಡಿಮೆಯಿಲ್ಲ.

ಅವರು ಅಲ್ಲಿಗೇ ನಿಲ್ಲಲಿಲ್ಲ. 1998ರಲ್ಲಿ ಇಂಗ್ಲೆಂಡಿನಲ್ಲಿ ಚಾಕೊಲೇಟ್ ಕಂಪನಿಯೊಂದು ಶುರುವಾಯಿತು, ಈಗ ಅದರ ಹೆಸರು ಡಿವೈನ್. ಅದರಲ್ಲಿ ಈ ರೈತರ ಸಂಘಕ್ಕೂ ಪಾಲು. 2006ರಲ್ಲಿ ದಿ ಬಾಡಿ ಶಾಪ್ ಕಂಪನಿ ತನ್ನ ಪಾಲನ್ನೂ ರೈತರಿಗೆ ಬಿಟ್ಟುಕೊಟ್ಟ ಮೇಲೆ ರೈತರ ಪಾಲು ನೂರಕ್ಕೆ 45 ಆಯಿತು. 2020ರಲ್ಲಿ ಜರ್ಮನಿಯ ಕಂಪನಿಯೊಂದು ದೊಡ್ಡ ಪಾಲು ಕೊಂಡು, ರೈತರ ಪಾಲು ಇಳಿಯಿತು. ಮೊದಲ ಅರ್ಧ ಮಾತ್ರ ಬರೆದು ಸೆಮಿನಾರ್ ಮುಗಿಸಬೇಡ, ಎರಡನೆಯದನ್ನೂ ಬರೆ.

ಇನ್ನೊಂದು ಕಾರಣ ಫೇರ್‌ಟ್ರೇಡ್ ಮುದ್ರೆ, ಅಂದರೆ ರೈತನಿಗೆ ನ್ಯಾಯದ ಬೆಲೆ ಕೊಟ್ಟ ಮಾಲು ಎಂಬ ಗುರುತು. ಆ ಮುದ್ರೆಯ ಕೊಕ್ಕೋಗೆ 2019ರ ಅಕ್ಟೋಬರಿನಿಂದ ಟನ್ನಿಗೆ ಕನಿಷ್ಠ 2,400 ಡಾಲರ್ ಬೆಲೆ, ಅದರ ಮೇಲೆ 240 ಡಾಲರ್ ಪ್ರೀಮಿಯಂ ಎಂದು ನಿಗದಿಯಾಯಿತು. ಪ್ರೀಮಿಯಂ ದುಡ್ಡು ಸಂಘಕ್ಕೆ ಬರುತ್ತದೆ. ಬಾವಿಗೋ ಶಾಲೆಗೋ ರಸ್ತೆಗೋ ಎಂದು ಸದಸ್ಯರು ಸೇರಿ ತೀರ್ಮಾನಿಸುತ್ತಾರೆ. ಸಣ್ಣ ರೈತ ಒಬ್ಬನೇ ಹೋಗಿ ಆ ಮುದ್ರೆ ಕೇಳಿದರೆ ಸಿಗುವುದಿಲ್ಲ, ಸಂಘದ ಮೂಲಕವೇ ಬರಬೇಕು. ಅಲ್ಲಿ ಹಲವರು ಸದಸ್ಯರಾಗುವುದು ಇದಕ್ಕೇ. ಆದರೆ 2024ರಂಥ ವರ್ಷ ಪೇಟೆಯ ರೇಟೇ ಅದರ ಮೂರು ನಾಲ್ಕು ಪಟ್ಟು ಇದ್ದಾಗ ಕನಿಷ್ಠ ಬೆಲೆಯನ್ನು ಯಾರು ಕೇಳುತ್ತಾರೆ? ಅದು ಕೊಡೆ ಇದ್ದ ಹಾಗೆ. ಬಿಸಿಲಿನಲ್ಲಿ ಬಾಗಿಲ ಹಿಂದೆ ಇರುತ್ತದೆ.

ಆಫ್ರಿಕಾ ಬಿಟ್ಟು ಬೊಲಿವಿಯಾವನ್ನೂ ನೋಡು. ಅಲ್ಲಿ ಆಲ್ಟೊ ಬೆನಿ ಎಂಬ ಕಾಡು ಸೀಮೆಗೆ ಬೆಟ್ಟದ ಮೇಲಿನ ಬಡವರು ವಲಸೆ ಬಂದು ಕೊಕ್ಕೋ ನೆಟ್ಟರು. ಅಲ್ಲಿ ತೊಂದರೆ ಕೊಟ್ಟದ್ದು ದಾರಿ. ಲಾರಿ ಇದ್ದವನೇ ವ್ಯಾಪಾರಿ, ಅವನೇ ದೊರೆ. 1977ರಲ್ಲಿ ಎಲ್ ಸೈಬೊ ಎಂಬ ಸಹಕಾರಿ ಒಕ್ಕೂಟ ಕಟ್ಟಿಕೊಂಡರು, ಆಮೇಲೆ ಚಾಕೊಲೇಟನ್ನೂ ತಯಾರಿಸಿದರು. ನಮ್ಮಲ್ಲಿ ಕಾಯದ ಬೀಜ, ಘಾನಾದಲ್ಲಿ ತಕ್ಕಡಿ, ಅಲ್ಲಿ ಲಾರಿ. ಯಾವ ಊರಿನ ಸಹಕಾರಿಯ ಬಗ್ಗೆ ಬರೆಯುವಾಗಲೂ ಮೊದಲು ಅಲ್ಲಿಯ ರೈತನನ್ನು ಎಲ್ಲಿ ಹಿಂಡುತ್ತಿದ್ದರು ಎಂದು ಕೇಳು.

ಪ್ರಶ್ನೆ: ಸಹಕಾರಿ ಎಂದರೆ ಸ್ವರ್ಗ ಎನ್ನುವ ಹಾಗೆ ಬರೆಯುತ್ತೀರಿ. ನಮ್ಮೂರಿನ ಸಂಘದಲ್ಲಿ ನಾಲ್ಕೇ ಮನೆಯವರು ಇಪ್ಪತ್ತು ವರ್ಷದಿಂದ ನಿರ್ದೇಶಕರು. ದುಡ್ಡು ತಡ, ಕೇಳಿದರೆ ಮುಖ ತಿರುವುತ್ತಾರೆ. ಇಂಥ ಕಡೆ ಯಾಕೆ ಇರಬೇಕು? — ನೊಂದ ಸದಸ್ಯರು, ಉತ್ತರ ಕನ್ನಡ

ಉತ್ತರ: ಸ್ವರ್ಗ ಎಂದು ನಾನು ಎಲ್ಲೂ ಬರೆದಿಲ್ಲ ಅಣ್ಣಾ, ನೆನಪಿದ್ದರೆ ತೋರಿಸಿ. ನನಗೂ ಆಗಿದೆ. ಯಾವ ಸಂಘ ಎಂದು ಹೇಳುವುದಿಲ್ಲ. ಒಂದು ವರ್ಷ ನಮ್ಮ ಮಾಲಿನ ದುಡ್ಡು ನಾಲ್ಕು ತಿಂಗಳು ಬರಲಿಲ್ಲ. ಷೇರು ನಮ್ಮ ಮನೆಯವರ ಹೆಸರಿನಲ್ಲಿತ್ತು. ಅವರು ಸಂಕೋಚದ ಮನುಷ್ಯ, ಕೇಳುವವರಲ್ಲ. ನಾನು ಹೋದರೆ 'ಸದಸ್ಯರನ್ನು ಕಳಿಸಿ ಅಮ್ಮಾ' ಎಂದರು. ಕಾಯಿ ಕೊಯ್ದದ್ದು ನಾನು, ಒಡೆದದ್ದು ನಾನು, ಹೊತ್ತದ್ದು ನಾನು. ಸದಸ್ಯೆ ಮಾತ್ರ ನಾನಲ್ಲ!

ಅದೇ ವರ್ಷ ಹಟ ಮಾಡಿ ಅರ್ಧ ಎಕರೆ ನನ್ನ ಹೆಸರಿಗೆ ಮಾಡಿಸಿಕೊಂಡೆ, ಷೇರು ತಗೊಂಡೆ. ಮಹಾಸಭೆಗೆ ಹೋದೆ. ಇಡೀ ಸಭಾಂಗಣದಲ್ಲಿ ಹೆಂಗಸರು ಏಳು ಮಂದಿ. ನಮಗೆಲ್ಲ ಹಿಂದಿನ ಸಾಲು, ಫ್ಯಾನಿಲ್ಲದ ಕಡೆ. ವರದಿ ಓದಿ 'ಎಲ್ಲರೂ ಒಪ್ಪಿದ್ದೀರಲ್ಲ' ಎಂದು ಅಧ್ಯಕ್ಷರು ಕೇಳಿದಾಗ ಎದ್ದು ನಿಂತೆ. ಕಾಲು ನಡುಗುತ್ತಿತ್ತು. ಒಂದೇ ಪ್ರಶ್ನೆ ಕೇಳಿದೆ: 'ಮಾಲು ಕೊಟ್ಟ ಎಷ್ಟು ದಿನಕ್ಕೆ ದುಡ್ಡು ಎಂದು ಬರೆದು ಹಾಕುತ್ತೀರಾ?' ಆ ದಿನ ಉತ್ತರ ಸಿಗಲಿಲ್ಲ. ಊಟಕ್ಕೆ ಹೋಳಿಗೆ ಇತ್ತು, ಎಲ್ಲರೂ ಎದ್ದರು. ಮರುವರ್ಷ ಅದೇ ಪ್ರಶ್ನೆಯನ್ನು ನಾಲ್ಕು ಜನ ಕೇಳಿದರು. ಅದರ ಮರುವರ್ಷ ಗೋಡೆಗೆ ಚೀಟಿ ಅಂಟಿತು: ಹದಿನೈದು ದಿನ. ಈಗಲೂ ಕೆಲವೊಮ್ಮೆ ಇಪ್ಪತ್ತಾಗುತ್ತದೆ.

ಖಾಸಗಿ ವ್ಯಾಪಾರಿಯ ಅಂಗಡಿಯಲ್ಲಿ ಎದ್ದು ನಿಂತು ಕೇಳಲು ನನಗೆ ಹಕ್ಕಿಲ್ಲ. ಅವನು ಬೇಡ ಎಂದರೆ ಆಯಿತು. ಸಂಘದಲ್ಲಿ ನೂರು ಎಕರೆಯವರಿಗೂ ಒಂದೇ ಓಟು, ನನ್ನ ಅರ್ಧ ಎಕರೆಗೂ ಒಂದೇ ಓಟು. ಈ ಓಟನ್ನು ಮನೆಯಲ್ಲಿ ಇಟ್ಟುಕೊಂಡು ನಾಲ್ಕು ಮನೆಯವರನ್ನು ಬೈದರೆ ಏನೂ ಆಗುವುದಿಲ್ಲ. ಚುನಾವಣೆಗೆ ನಿಲ್ಲಲು ನಿಮ್ಮಲ್ಲಿ ಯಾರೂ ಇಲ್ಲವಾ? ಮೇಲೆ ಹೇಳಿದ ಬೊಲಿವಿಯಾದವರು ಮೊದಮೊದಲು ಎಲ್ಲರಿಗೂ ಒಂದೇ ಸಂಬಳ ಇಟ್ಟು, ಕೆಲಸವನ್ನು ಸರದಿಯಲ್ಲಿ ಬದಲಾಯಿಸುತ್ತಿದ್ದರು. ಲೆಕ್ಕ ಬರೆದವನು ಮರುವರ್ಷ ಮೂಟೆ ಹೊರಬೇಕು. ನಿಮ್ಮ ನಾಲ್ಕು ಮನೆಯವರಿಗೆ ಇದನ್ನು ಓದಿ ಹೇಳಿ, ಮುಖ ನೋಡಲು ನಾನೂ ಬರುತ್ತೇನೆ.

ಮೂರು ವರ್ಷ ಕೇಳಿಯೂ ಏನೂ ಬದಲಾಗದಿದ್ದರೆ ಬೇರೆ ಸಂಘ ನೋಡಿ. ಸಿರ್ಸಿ ಕಡೆಯವರಿಗೆ ಸಹಕಾರಿ ಕಲಿಸುವಷ್ಟು ದೊಡ್ಡವಳಲ್ಲ ನಾನು. ಅಡಿಕೆ ಮಾರುವ ನಿಮ್ಮ ತೋಟಗಾರರ ಸಹಕಾರಿ ಸಂಘ ಟಿಎಸ್ಎಸ್ ಶುರುವಾದದ್ದೇ 1923ರಲ್ಲಿ, ನಮಗಿಂತ ಐವತ್ತು ವರ್ಷ ಮೊದಲು.

ಪ್ರಶ್ನೆ: ಕ್ಯಾಂಪ್ಕೋ ಚಾಕೊಲೇಟ್ ಕಾರ್ಖಾನೆ ಯಾವಾಗ ಆಯಿತು? ಬೀಜ ಮಾರುವ ಸಂಘಕ್ಕೆ ಕಾರ್ಖಾನೆ ಯಾಕೆ ಬೇಕಿತ್ತು? — ಓದುಗರು, ಮಡಿಕೇರಿ

ಉತ್ತರ: ಪುತ್ತೂರಿನ ಕೆಮ್ಮಿಂಜೆಯಲ್ಲಿ, 1986ರ ಸೆಪ್ಟೆಂಬರ್ 1ರಂದು. ರಾಷ್ಟ್ರಪತಿ ಜೈಲ್ ಸಿಂಗ್ ಬಂದು ಉದ್ಘಾಟಿಸಿದರು. ಅಂದು ನಾನು ಆರು ತಿಂಗಳ ಬಸುರಿ. ನೂಕುನುಗ್ಗಲು ಎಂದು ಅತ್ತೆ ಕಳಿಸಲಿಲ್ಲ. ಮಾವ ಬಿಳಿ ಅಂಗಿ ಹಾಕಿಕೊಂಡು ಹೋಗಿ ಬಂದು, 'ಪೇಟ ದೂರದಿಂದ ಕಂಡಿತು' ಎಂದರು.

ಯಾಕೆ ಬೇಕಿತ್ತು ಎಂದರೆ, ಕೊಂಡ ಬೀಜವನ್ನು ಸಂಘ ಮತ್ತೆ ಯಾರಿಗೋ ಮಾರಲೇಬೇಕು. ಆ ಯಾರೋ 'ಇವತ್ತು ಬೇಡ' ಎಂದರೆ? ಮಾವನ ಗೋಣಿಯ ಕತೆಯೇ ದೊಡ್ಡದಾಗಿ ನಡೆಯುತ್ತದೆ, ಅಷ್ಟೇ. ಸ್ವಂತ ಕಾರ್ಖಾನೆ ಇದ್ದರೆ ಬೀಜವನ್ನು ಕೊಕ್ಕೋ ಬೆಣ್ಣೆ, ಪುಡಿ, ಚಾಕೊಲೇಟ್ ಮಾಡಿ ಇಟ್ಟುಕೊಳ್ಳಬಹುದು. ಈಗ ಸಂಘಕ್ಕೆ ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದಾರೆ. ಮಾವ ಕೊನೆಯವರೆಗೂ ಚಾಕೊಲೇಟ್ ಬಾಯಿಗೆ ಹಾಕಲಿಲ್ಲ. ಮೊಮ್ಮಕ್ಕಳಿಗೆ ಕ್ಯಾಂಪ್ಕೋ ಬಾರ್ ತರುತ್ತಿದ್ದರು, ಕಾಗದ ಬಿಡಿಸಿ ಮೂಸಿ ನೋಡಿ ಕೊಡುತ್ತಿದ್ದರು.

ಪ್ರಶ್ನೆ: ಅಳಿಲು ಕೊಕ್ಕೋ ತಿಂದು ಬೀಜ ಉದುರಿಸುತ್ತದೆ. ಆ ಬೀಜ ಹೆಕ್ಕಿ ಮಾರಬಹುದಾ? — ಓದುಗರು, ಸುಳ್ಯ

ಉತ್ತರ: ಹೆಕ್ಕಬಹುದು, ಒಳ್ಳೆಯ ಬೀಜಕ್ಕೆ ಬೆರೆಸಬೇಡಿ. ಅಳಿಲು ಮೇಲಿನ ಸಿಹಿ ಲೋಳೆ ಚೀಪಿ ಬಿಟ್ಟಿರುತ್ತದೆ. ಲೋಳೆ ಇಲ್ಲದಿದ್ದರೆ ಬೀಜ ಹುಳಿ ಬರುವುದಿಲ್ಲ. ಬೇರೆಯೇ ಒಣಗಿಸಿ, ಅಗ್ಗದ ಮಾಲು ಎಂದು ಹೇಳಿಯೇ ಕೊಡಿ. ಬಣ್ಣ ತಿರುಗಿದ ಕಾಯಿಯನ್ನು ಹತ್ತು ದಿನಕ್ಕೊಮ್ಮೆ ತಪ್ಪದೆ ಕೊಯ್ದರೆ ಅಳಿಲಿಗೆ ಸಿಗುವುದೇ ಕಡಿಮೆ. ನಾನು ಶನಿವಾರ ಕೊಯ್ಯುತ್ತೇನೆ. ನಮ್ಮ ಅಳಿಲುಗಳು ಶುಕ್ರವಾರ ಬರುತ್ತವೆ.